ಕಾಲುವೆ ದೋಣಿಯ ಬಿಸಿನೀರು

ಇಂಗ್ಲೆಂಡಿನ ಕಾಲುವೆಗಳಲ್ಲಿ ಸಾಗುವ ನ್ಯಾರೋಬೋಟ್ ಒಂದು ಸಪೂರ ಉಕ್ಕಿನ ಮನೆ. ಉದ್ದ 70 ಅಡಿ ದಾಟಿದರೂ ಅಗಲ 7 ಅಡಿಗೆ ಒಂದೆರಡು ಅಂಗುಲ ಕಡಿಮೆಯೇ. ಈ ಅಳತೆಯನ್ನು ಗೊತ್ತುಮಾಡಿದ್ದು 18ನೇ ಶತಮಾನದಲ್ಲಿ ಜೇಮ್ಸ್ ಬ್ರಿಂಡ್ಲಿಯಂಥ ಎಂಜಿನಿಯರುಗಳು ರೂಪಿಸಿದ, ದೋಣಿಯನ್ನು ಒಂದು ನೀರುಮಟ್ಟದಿಂದ ಇನ್ನೊಂದಕ್ಕೆ ಏರಿಳಿಸುವ ಇಕ್ಕಟ್ಟಾದ ಲಾಕ್‌ಗಳು. ಕಲ್ಲಿದ್ದಲು ಸಾಗಿಸುತ್ತಿದ್ದ ಕಾಲದಲ್ಲಿ ದೋಣಿಯ ಹಿಂಬದಿಯ ಪುಟ್ಟ ಕೋಣೆಯಲ್ಲೇ ಇಡೀ ಸಂಸಾರ ನಡೆಯುತ್ತಿತ್ತು. ಬಿಸಿನೀರೆಂದರೆ ಒಲೆಯ ಮೇಲಿನ ಕೆಟಲ್. ಈಗ ಸರಕಿನ ಜಾಗದಲ್ಲಿ ಹಾಸಿಗೆ, ಅಡುಗೆಮನೆ, ಶವರ್ ಬಂದಿವೆ, ವರ್ಷವಿಡೀ ದೋಣಿಯಲ್ಲೇ ವಾಸಿಸುವವರೂ ಇದ್ದಾರೆ. ಈ ದೋಣಿಗಳ ಕುಶಲಕಲೆ ಎಂದಾಗ ಎಲ್ಲರೂ ತೋರಿಸುವುದು ಬಾಗಿಲು, ನೀರಿನ ಕ್ಯಾನುಗಳ ಮೇಲೆ ಬರೆದ ಗುಲಾಬಿ ಮತ್ತು ಕೋಟೆಗಳನ್ನು. ಅವು ಚೆಂದವೇ. ಆದರೆ ಆ ಗೌರವದಲ್ಲಿ ಒಂದು ಪಾಲು, ದೋಣಿಯೊಳಗೆ ಮಂಡಿಯೂರಿ ಬಿಸಿನೀರಿನ ವ್ಯವಸ್ಥೆ ದುರಸ್ತಿ ಮಾಡುವವರಿಗೂ ಸಲ್ಲಬೇಕು. ಅವರ ಕೆಲಸ ಬಿಡಿಭಾಗ ಬದಲಿಸುವುದಲ್ಲ, ಇಡೀ ದೋಣಿಯ ನಾಡಿ ಹಿಡಿದು ನೋಡುವುದು.

ಈ ವ್ಯವಸ್ಥೆಯ ಕೇಂದ್ರ ಕ್ಯಾಲೊರಿಫೈಯರ್. ನಮ್ಮ ಮಾತಿನಲ್ಲಿ, ಒಲೆಯಿಲ್ಲದ ಮುಚ್ಚಿದ ಹಂಡೆ. ಸುಮಾರು 55 ಲೀಟರಿನದು ಸಾಮಾನ್ಯ. ಡೀಸೆಲ್ ಎಂಜಿನ್ನನ್ನು ತಣಿಸಿ ತಾನು ಕಾದ ಕೂಲಂಟ್, ಹಂಡೆಯೊಳಗಿನ ಸುರುಳಿ ಕೊಳವೆಯಲ್ಲಿ ಹರಿದು ನೀರಿಗೆ ಶಾಖ ಕೊಡುತ್ತದೆ. ದೋಣಿ ಸಾಗಿದರೆ ಸ್ನಾನದ ನೀರು ತಾನಾಗಿ ಕಾಯುತ್ತದೆ. ಆದ್ದರಿಂದಲೇ ನಲ್ಲಿಯಲ್ಲಿ ತಣ್ಣೀರು ಬಂದರೆ ದೋಷ ಹಂಡೆಯಲ್ಲೇ ಇದೆ ಎನ್ನುವಂತಿಲ್ಲ. ಬಲ್ಲವರು ಸ್ಪ್ಯಾನರ್ ಎತ್ತುವ ಮೊದಲು ಎಂಜಿನ್ ಕಾಯಿಸಿ ಪೈಪಿನುದ್ದಕ್ಕೂ ಕೈಯಾಡಿಸುತ್ತಾರೆ. ಎಂಜಿನ್ ಪಕ್ಕದಲ್ಲಿ ಸುಡುವ ಪೈಪು ನಾಲ್ಕಡಿ ಆಚೆ ತಣ್ಣಗಿದ್ದರೆ, ನಡುವೆ ಗಾಳಿ ಸಿಕ್ಕಿಕೊಂಡಿರುವ ಸಂಭವ ಹೆಚ್ಚು. ಎತ್ತರದಲ್ಲಿರುವ ಸ್ಕ್ರೂ ಸಡಿಲಿಸಿದಾಗ ಮೊದಲು ಬುಸ್ಸೆಂಬ ಸದ್ದು, ಆಮೇಲೆ ನೊರೆ, ಕೊನೆಗೆ ತಡೆಯಿಲ್ಲದ ಧಾರೆ. ಸ್ಕ್ರೂ ಬಿಗಿದು, ಕಡಿಮೆಯಾದ ಕೂಲಂಟ್ ತುಂಬಿದರೆ ಹಂಡೆ ಮತ್ತೆ ಬಿಸಿಯಾಗುತ್ತದೆ. ಹೊಸ ಭಾಗ ಒಂದೂ ಬೇಕಾಗುವುದಿಲ್ಲ.

ಇದಕ್ಕಿಂತ ಒಳ್ಳೆಯ ಸಾಕ್ಷಿ ತೊಟ್ಟಿಕ್ಕುವ ಸುರಕ್ಷತಾ ವಾಲ್ವ್. ನೀರು ಕಾದಂತೆ ಹಿಗ್ಗುತ್ತದೆ. 55 ಲೀಟರ್ ನೀರನ್ನು 10 ಡಿಗ್ರಿಯಿಂದ 80ಕ್ಕೆ ಏರಿಸಿದರೆ ಸುಮಾರು ಒಂದೂವರೆ ಲೀಟರ್ ಹೆಚ್ಚುತ್ತದೆ. ಆ ಹೆಚ್ಚಳಕ್ಕೆ ಜಾಗ ಕೊಡಲು ರಬ್ಬರ್ ಪರದೆಯ ಹಿಂದೆ ಗಾಳಿ ತುಂಬಿದ ಪುಟ್ಟ ತೊಟ್ಟಿಯೊಂದಿರುತ್ತದೆ. ವರ್ಷಗಳು ಕಳೆದಂತೆ ಅದರ ಗಾಳಿ ಇಳಿದುಹೋಗುತ್ತದೆ, ಒತ್ತಡ ಏರುತ್ತದೆ, ವಾಲ್ವ್ ತನ್ನ ಕರ್ತವ್ಯವೆಂಬಂತೆ ನೀರು ಬಿಡುತ್ತದೆ. ಆತುರದವರು ವಾಲ್ವ್ ಬದಲಿಸುತ್ತಾರೆ, ಹೊಸದೂ ತೊಟ್ಟಿಕ್ಕುತ್ತದೆ. ಕಸುಬು ಬಲ್ಲವರು ನೀರಿನ ಒತ್ತಡ ಇಳಿಸಿ, ಟೈರಿನ ಗೇಜನ್ನು ಆ ತೊಟ್ಟಿಯ ತುದಿಗೆ ಒತ್ತಿ ನೋಡುತ್ತಾರೆ. ಪರದೆ ಹರಿದಿರದಿದ್ದರೆ ಸೈಕಲ್ ಪಂಪೇ ಸಾಕು. ಇದು ಬರೀ ಹಣದ ಪ್ರಶ್ನೆಯಲ್ಲ. ಆ ಹನಿಗಳು ದೋಣಿಯ ತಳಕ್ಕೆ ಇಳಿಯುತ್ತಿದ್ದರೆ, ಯಾರ ಕಣ್ಣಿಗೂ ಬೀಳದೆ ಉಕ್ಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನಲ್ಲಿ ಮುಚ್ಚಿದ್ದರೂ ನಡುರಾತ್ರಿ ನೀರಿನ ಪಂಪು ಒಂದು ಕ್ಷಣ ಗುರ್ರೆಂದು ಸುಮ್ಮನಾದರೆ ಅದು ಎಲ್ಲೋ ಸೋರುತ್ತಿರುವುದರ ಸೂಚನೆ.

ಇಷ್ಟೆಲ್ಲ ತೊಡಕೇಕೆ, ಗ್ಯಾಸ್ ಗೀಸರ್ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಒಂದೇ ಕಡೆ ದಿನಗಟ್ಟಲೆ ನಿಂತಿರುವ ದೋಣಿಗೆ ಅದು ಅನುಕೂಲವೇ. ಬರೀ ನೀರು ಕಾಯಿಸಲು ಎಂಜಿನ್ ಓಡಿಸುವುದು ಜಾಣತನವಲ್ಲ. ಆದರೆ ಇಷ್ಟು ಕಿರಿದಾದ ಕೋಣೆಯಲ್ಲಿ ಜ್ವಾಲೆ ಉರಿಯುವಾಗ ಹೊಗೆಕೊಳವೆ ಕೆಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ವಾಸದ ಕೋಣೆಯಿರುವ ದೋಣಿಗಳಲ್ಲಿ ಅದರ ಅಲಾರಂ ಇರಲೇಬೇಕೆಂದು ಬೋಟ್ ಸೇಫ್ಟಿ ಸ್ಕೀಮ್ 2019ರಲ್ಲಿ ನಿಯಮ ಮಾಡಿತು. ಎಂದರೆ ಗೀಸರಿನಿಂದ ಪರಿಣತಿಯ ಅಗತ್ಯ ತಪ್ಪುವುದಿಲ್ಲ, ಅಪಾಯದ ಸ್ವರೂಪ ಬದಲಾಗುತ್ತದೆ ಅಷ್ಟೆ. ದೋಣಿಯವರು ತಾವೇ ಮಾಡಿಕೊಳ್ಳಬಹುದಲ್ಲ ಎಂಬ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಗಾಳಿ ತೆಗೆಯುವುದು, ಸೋರಿಕೆ ಹುಡುಕುವುದು ಅನೇಕರಿಗೆ ಬರುತ್ತದೆ, ಬರಬೇಕು ಕೂಡ. ಗ್ಯಾಸನ್ನೂ ದಡದಿಂದ ಬರುವ 230 ವೋಲ್ಟ್ ವಿದ್ಯುತ್ತನ್ನೂ ಮಾತ್ರ ತಜ್ಞರಿಗೇ ಬಿಡಬೇಕು.

ಯಾರೇ ಮಾಡಲಿ, ಚಳಿಗಾಲದ ಕೆಲಸಕ್ಕೆ ತಾಳ್ಮೆ ಬೇಕು. ಹೆಪ್ಪುಗಟ್ಟಿದ ನೀರು ಸುಮಾರು ಶೇ. 9ರಷ್ಟು ಹಿಗ್ಗಿ ಪೈಪು ಸೀಳುತ್ತದೆ. ದೋಣಿಯನ್ನು ಖಾಲಿ ಬಿಟ್ಟು ಹೋಗುವವರು ಪಂಪು ಆರಿಸಿ, ಹಂಡೆ ಬರಿದು ಮಾಡಿ, ನಲ್ಲಿಗಳನ್ನು ತೆರೆದೇ ಇಡುತ್ತಾರೆ. ಬಹಳ ಸಲ ಮರೆತುಹೋಗುವುದು ಶವರಿನ ಮಿಕ್ಸರ್. ಅದರ ಹೊಟ್ಟೆಯಲ್ಲಿ ನಿಂತ ಒಂದು ಲೋಟ ನೀರು ಸಾಕು, ಮಾರ್ಚಿನಲ್ಲಿ ಮೊದಲ ಸಲ ಪಂಪು ಹಾಕಿದಾಗ ಗೋಡೆಯ ಹಲಗೆಯ ಹಿಂದಿನಿಂದ ನೀರು ಚಿಮ್ಮಲು.