ಹೊಟ್ಟೆಯ ಮೇಲಿನ ಮೂತ್ರ ಚೀಲ: ಮನೆಗೆ ಹೋದ ಮೇಲೆ ತಿಳಿದಿರಬೇಕಾದ ಸಂಗತಿಗಳು



ಕ್ಯಾನ್ಸರ್ ಮೂತ್ರಕೋಶದ ಗೋಡೆಯ ಸ್ನಾಯುವಿನೊಳಗೆ ಇಳಿದಿದ್ದರೆ ಅನೇಕರಿಗೆ ಇಡೀ ಮೂತ್ರಕೋಶವನ್ನೇ ತೆಗೆಯಬೇಕಾಗುತ್ತದೆ. ಅಂಥ ಶಸ್ತ್ರಚಿಕಿತ್ಸೆಯ ನಂತರ ಹೊಟ್ಟೆಯ ಮೇಲೆ ಒಂದು ಚೀಲ ಬರುತ್ತದೆ. ಅದನ್ನು ನೋಡಿ “ಇನ್ನು ಹೊಲಕ್ಕೆ ಹೋಗುವಂತಿಲ್ಲ, ಜಾತ್ರೆಗೆ ಹೋಗುವಂತಿಲ್ಲ, ಲಿಂಗಪೂಜೆ ಮಾಡುವಂತಿಲ್ಲ” ಎಂದು ಕೊರಗುವವರಿದ್ದಾರೆ. ಚೀಲ ತುಂಬಬಾರದೆಂದು ನೀರನ್ನೇ ಕಡಿಮೆ ಮಾಡುವವರೂ ಇದ್ದಾರೆ. ಕೊರಗಬೇಕಾಗಿಲ್ಲ, ನೀರನ್ನಂತೂ ಕಡಿಮೆ ಮಾಡಲೇಬಾರದು. ಈ ಚೀಲವನ್ನು ತಮ್ಮ ಕೈಯಿಂದಲೇ ನೋಡಿಕೊಳ್ಳಲು ಕಲಿತವರು ಮೊದಲಿನಂತೆ ಬಾಳಬಲ್ಲರು.

ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡಿದ್ದಾರೆ?

ಸಣ್ಣ ಕರುಳಿನ ಸುಮಾರು 15 ಸೆಂ.ಮೀ. ಉದ್ದದ ತುಂಡನ್ನು ಬೇರ್ಪಡಿಸಿ, ಮೂತ್ರಪಿಂಡಗಳಿಂದ ಬರುವ ಎರಡು ನಾಳಗಳನ್ನು ಅದಕ್ಕೆ ಜೋಡಿಸಿರುತ್ತಾರೆ. ಆ ತುಂಡಿನ ತುದಿಯನ್ನು ಸಾಮಾನ್ಯವಾಗಿ ಹೊಕ್ಕುಳದ ಕೆಳಗೆ ಬಲಭಾಗದಲ್ಲಿ ಹೊರಗೆ ತಂದಿರುತ್ತಾರೆ. ಇದಕ್ಕೆ ಸ್ಟೋಮಾ ಎನ್ನುತ್ತಾರೆ. ಉಳಿದ ಕರುಳನ್ನು ಮತ್ತೆ ಕೂಡಿಸಿರುವುದರಿಂದ ಮಲವಿಸರ್ಜನೆ ಹಿಂದಿನ ದಾರಿಯಲ್ಲೇ ಆಗುತ್ತದೆ. ಅಮೆರಿಕದ ಶಸ್ತ್ರವೈದ್ಯ ಯೂಜೀನ್ ಬ್ರಿಕರ್ 1950ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಆರೋಗ್ಯವಂತ ಸ್ಟೋಮಾ ನಮ್ಮ ಕೆನ್ನೆಯ ಒಳಭಾಗದಂತೆ ಕೆಂಪಾಗಿ, ತೇವವಾಗಿರುತ್ತದೆ. ಮುಟ್ಟಿದರೆ ನೋವಾಗುವುದಿಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಮೊದಲ 6ರಿಂದ 8 ವಾರಗಳಲ್ಲಿ ಅದರ ಗಾತ್ರ ಕುಗ್ಗುತ್ತದೆ. ಮೂತ್ರದಲ್ಲಿ ಬಿಳಿ ದಾರದಂತೆ ಲೋಳೆ ಕಾಣುತ್ತದೆ. ಅದು ಕರುಳಿನ ಸಹಜ ಗುಣ, ಕೀವು ಅಲ್ಲ.

ಚೀಲ ಬದಲಾಯಿಸುವ ಕ್ರಮ

ಮೂತ್ರ ಹಗಲಿರುಳು ಹನಿಯುತ್ತಲೇ ಇರುತ್ತದೆ, ತಡೆಯಲಾಗದು. ಆದ್ದರಿಂದ ಬೆಳಿಗ್ಗೆ ಎದ್ದ ಕೂಡಲೆ, ನೀರು ಚಹ ಕುಡಿಯುವ ಮೊದಲು, ಚೀಲ ಬದಲಾಯಿಸುವುದು ಸುಲಭ.

1. ಸೋಪಿನಿಂದ ಕೈ ತೊಳೆದು ಎಲ್ಲ ಸಾಮಾನು ಹತ್ತಿರ ಇಟ್ಟುಕೊಳ್ಳಿ.
2. ಹಳೆಯ ಚೀಲ ಖಾಲಿ ಮಾಡಿ, ಚರ್ಮವನ್ನು ಒತ್ತಿ ಹಿಡಿದು ಮೇಲಿನಿಂದ ಕೆಳಗೆ ನಿಧಾನವಾಗಿ ಬಿಡಿಸಿ.
3. ಸ್ಟೋಮಾದ ಸುತ್ತ ಬರೀ ನೀರಿನಿಂದ ತೊಳೆಯಿರಿ. ಕೊಬ್ಬರಿ ಎಣ್ಣೆ, ಪೌಡರ್, ಸ್ಪಿರಿಟ್, ಡೆಟಾಲ್ ಹಚ್ಚಬೇಡಿ. ಎಣ್ಣೆ, ಪೌಡರ್ ಹಚ್ಚಿದರೆ ಚೀಲ ಅಂಟುವುದಿಲ್ಲ. ಸ್ಪಿರಿಟ್, ಡೆಟಾಲ್ ಚರ್ಮವನ್ನು ಕೆಡಿಸುತ್ತವೆ.
4. ಚರ್ಮವನ್ನು ಪೂರ್ತಿ ಒಣಗಿಸಿ. ಅಷ್ಟು ಹೊತ್ತು ಸ್ಟೋಮಾದ ಬಾಯಿಗೆ ಸುರುಳಿ ಸುತ್ತಿದ ಗಾಜ್ ಬಟ್ಟೆ ಹಿಡಿದರೆ ಹನಿ ಹೀರಿಕೊಳ್ಳುತ್ತದೆ.
5. ಸ್ಟೋಮಾ ಅಳೆದು, ಅದಕ್ಕಿಂತ 2ರಿಂದ 3 ಮಿ.ಮೀ. ಮಾತ್ರ ದೊಡ್ಡದಾಗಿ ರಂಧ್ರ ಕತ್ತರಿಸಿ. ರಂಧ್ರ ದೊಡ್ಡದಾದರೆ ಮೂತ್ರ ತಾಗಿ ಚರ್ಮ ಸುಲಿಯುತ್ತದೆ.
6. ಚೀಲ ಅಂಟಿಸಿ ಅಂಗೈಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ಮೈಯ ಬಿಸಿಗೆ ಅಂಟು ಗಟ್ಟಿಯಾಗುತ್ತದೆ. ಕೆಳಗಿನ ನಲ್ಲಿ ಮುಚ್ಚಿದೆಯೇ ಎಂದು ನೋಡಿ.

ಸಾಮಾನ್ಯವಾಗಿ ಒಂದು ಚೀಲ 3ರಿಂದ 5 ದಿನ ಬರುತ್ತದೆ. ಬೇಸಿಗೆಯ ಬೆವರಿಗೆ ಬೇಗ ಸಡಿಲಾಗಬಹುದು. ಮೂರನೇ ಒಂದು ಭಾಗದಿಂದ ಅರ್ಧದಷ್ಟು ತುಂಬಿದಾಗ ಖಾಲಿ ಮಾಡಿ. ರಾತ್ರಿ ದೊಡ್ಡ ಚೀಲವನ್ನು ಕೊಳವೆಯಿಂದ ಜೋಡಿಸಿ ಮಂಚದ ಕೆಳಭಾಗಕ್ಕೆ ಕಟ್ಟಿದರೆ ನಿದ್ದೆ ಕೆಡುವುದಿಲ್ಲ.

ಚೀಲ ಕೊಳ್ಳುವಾಗ ಔಷಧ ಅಂಗಡಿಯಲ್ಲಿ “ಯೂರೋಸ್ಟಮಿ ಚೀಲ” ಎಂದೇ ಕೇಳಿ, ಕೆಳಗೆ ನಲ್ಲಿ ಇದೆಯೇ ನೋಡಿ ತೆಗೆದುಕೊಳ್ಳಿ. ಮಲದ ಚೀಲ ಬೇರೆ, ಅದು ಇದಕ್ಕೆ ಬಾರದು. ಸಣ್ಣ ಊರುಗಳಲ್ಲಿ ಕೂಡಲೇ ಸಿಗದಿರಬಹುದು. ನಾಲ್ಕಾರು ಚೀಲ ಉಳಿದಿರುವಾಗಲೇ ಹೇಳಿ ತರಿಸಿ. ಚೀಲ ತೀರಿತೆಂದು ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಬೇಡಿ. ಚೀಲಗಳನ್ನು ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ತಗಡಿನ ಕೆಳಗಿನ ಸೆಕೆಗೆ ಅಂಟು ಕೆಡುತ್ತದೆ.

ನೀರು ಮತ್ತು ಊಟ

ನಮ್ಮ ಭಾಗದ ಬೇಸಿಗೆ 40 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ವಾಸನೆ, ಸೋಂಕು, ಕಲ್ಲು ಆಗುವ ಸಂಭವ ಹೆಚ್ಚು. ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಕುಡಿಯಿರಿ. ಮಜ್ಜಿಗೆ, ಅಂಬಲಿಯೂ ಆಗಬಹುದು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು. ಗಾಯ ಮಾಯ್ದು ಕರುಳು ಸರಿಹೋದ ಮೇಲೆ ಜೋಳದ ರೊಟ್ಟಿ, ತೊಗರಿ ಬೇಳೆ, ಪಲ್ಯ ಎಲ್ಲವನ್ನೂ ಉಣ್ಣಬಹುದು. ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗಬಹುದು, ಹೆದರಬೇಡಿ.

ಬೀಡಿ, ಸಿಗರೇಟು ಇಂದೇ ಬಿಡಿ. ಮೂತ್ರಕೋಶದ ಕ್ಯಾನ್ಸರಿಗೆ ಧೂಮಪಾನವೇ ಅತಿ ಮುಖ್ಯ ಕಾರಣ.

ಪೂಜೆ, ಕಾಯಕ, ಪ್ರಯಾಣ

ಚೀಲ ಇದ್ದರೆ ಇಷ್ಟಲಿಂಗ ಪೂಜೆ ಮಾಡಬಹುದೇ ಎಂಬ ಅಳುಕು ಹಲವರಿಗೆ ಇರುತ್ತದೆ. ಅವಶ್ಯವಾಗಿ ಮಾಡಬಹುದು. ಪಂಚಸೂತಕಗಳನ್ನೇ ಒಪ್ಪದ ಧರ್ಮ ನಮ್ಮದು. ಜೀವ ಉಳಿಸಿದ ಚೀಲ ಮೈಲಿಗೆಯಾದೀತೇ? ಚೀಲ ಖಾಲಿ ಮಾಡಿ, ಕೈ ತೊಳೆದು, ವಿಭೂತಿ ಧರಿಸಿ ಎಂದಿನಂತೆ ಕುಳಿತುಕೊಳ್ಳಿ. ಮುಸ್ಲಿಂ ಬಾಂಧವರು ನಮಾಜಿನ ಬಗ್ಗೆ ಮೌಲಾನರನ್ನು ಕೇಳಬಹುದು. ಮೂತ್ರ ತಡೆಯಲಾಗದವರಿಗೆ ಅವರಲ್ಲೂ ರಿಯಾಯಿತಿ ಇದೆ.

ಸಾಮಾನ್ಯವಾಗಿ 6ರಿಂದ 8 ವಾರಗಳ ನಂತರ ಹಗುರ ಕೆಲಸ ಆರಂಭಿಸಬಹುದು. ಮೊದಲ ಮೂರು ತಿಂಗಳು ಭಾರ ಎತ್ತಬಾರದು, ಎತ್ತಿದರೆ ಸ್ಟೋಮಾದ ಪಕ್ಕ ಹರ್ನಿಯಾ ಆಗುವ ಸಂಭವವಿದೆ. ಶಹಾಬಾದಿನ ಪರಸಿ ಕಲ್ಲಿನ ಗಣಿಯಲ್ಲಿ, ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಭಾರ ಹೊರುವವರು, ತೊಗರಿ ಮೂಟೆ ಎತ್ತುವವರು ಕೆಲಸಕ್ಕೆ ಮರಳುವ ಮುನ್ನ ವೈದ್ಯರನ್ನು ಕೇಳಿ. ಹೊಟ್ಟೆಗೆ ಆಧಾರದ ಬೆಲ್ಟ್ ಬೇಕಾಗಬಹುದು. ಧೋತರದ ಗಂಟು, ಲಂಗದ ಲಾಡಿ ಸ್ಟೋಮಾದ ಮೇಲೆ ಬರದಂತೆ ಕಟ್ಟಿಕೊಳ್ಳಿ.

ಬಸ್ಸು, ರೈಲು ಹತ್ತುವ ಮುನ್ನ ಚೀಲ ಖಾಲಿ ಮಾಡಿ. ಕೈಚೀಲದಲ್ಲಿ ಕತ್ತರಿಸಿಟ್ಟ ಎರಡು ಚೀಲ, ಗಾಜ್ ಬಟ್ಟೆ, ನೀರು ಇರಲಿ. ಹೀಗೆ ಸಿದ್ಧರಾಗಿ ಹೊರಟರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೂ ಹೋಗಿ ಬರಬಹುದು.

ಮನೆಯವರಿಗೆ ಎರಡು ಮಾತು

ಈ ರೋಗ ಅಂಟುವುದಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡಬೇಡಿ. ಮೊದಲ ದಿನಗಳಲ್ಲಿ ಸಹಾಯ ಮಾಡಿ. ಆದರೆ ಎಲ್ಲವನ್ನೂ ನೀವೇ ಮಾಡಿದರೆ ರೋಗಿ ಕಲಿಯುವುದಿಲ್ಲ, ತಾನು ಹೊರೆಯಾದೆ ಎಂದು ಕುಗ್ಗುತ್ತಾರೆ. ಡಿಸ್ಚಾರ್ಜ್‌ಗೆ ಮೊದಲು ರೋಗಿಯೇ ಸಿಸ್ಟರ್ ಎದುರಿಗೆ ಒಮ್ಮೆಯಾದರೂ ಚೀಲ ಬದಲಾಯಿಸಲಿ. ಈ ಶಸ್ತ್ರಚಿಕಿತ್ಸೆಯಿಂದ ದಾಂಪತ್ಯ ಸಂಬಂಧದಲ್ಲಿ ವ್ಯತ್ಯಾಸವಾಗಬಹುದು. ಗಂಡ ಹೆಂಡತಿ ಇಬ್ಬರೂ ನಾಚದೆ ವೈದ್ಯರೊಡನೆ ಮಾತಾಡಿ. ಅದಕ್ಕೂ ಚಿಕಿತ್ಸೆ ಇದೆ.

ತಡಮಾಡದೆ ದವಾಖಾನೆಗೆ ಬರಬೇಕಾದ ಲಕ್ಷಣಗಳು

• ಚಳಿ ಜ್ವರ, ಪಕ್ಕೆ ಅಥವಾ ಸೊಂಟದ ಮೇಲ್ಭಾಗದಲ್ಲಿ ನೋವು
• ಎರಡು ಮೂರು ಗಂಟೆ ಚೀಲಕ್ಕೆ ಮೂತ್ರವೇ ಬಾರದಿರುವುದು
• ಸ್ಟೋಮಾ ನೇರಳೆ ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು
• ಒಳಗಿನಿಂದ ರಕ್ತ ಬರುತ್ತಲೇ ಇರುವುದು
• ಹೊಟ್ಟೆ ಉಬ್ಬರಿಸಿ ವಾಂತಿಯಾಗುವುದು

ಸುತ್ತಲಿನ ಚರ್ಮ ಹುಣ್ಣಾದರೆ ಒಂದೆರಡು ದಿನದೊಳಗೆ ತೋರಿಸಿ. ಮೂತ್ರ ಪರೀಕ್ಷೆಗೆ ಹಳೆಯ ಚೀಲದಲ್ಲಿ ನಿಂತ ಮೂತ್ರ ಕೊಡಬೇಡಿ. ಅದರಲ್ಲಿ ಯಾವಾಗಲೂ ರೋಗಾಣು ಇರುತ್ತವೆ. ಸ್ಟೋಮಾದಿಂದ ನೇರವಾಗಿ ತೆಗೆಯಲು ಸಿಸ್ಟರಿಗೆ ಹೇಳಿ.

ಆರಾಮಾಗಿದ್ದೇವೆಂದು ತಪಾಸಣೆ ತಪ್ಪಿಸಬೇಡಿ. ಸ್ಕ್ಯಾನ್ ಮತ್ತು ಮೂತ್ರಪಿಂಡದ ರಕ್ತ ಪರೀಕ್ಷೆ ವೈದ್ಯರು ಹೇಳಿದ ದಿನಕ್ಕೇ ಆಗಬೇಕು. ಬರುವಾಗ ಹಳೆಯ ಕಾಗದಪತ್ರಗಳ ಜೊತೆಗೆ ಒಂದು ಹೊಸ ಚೀಲವನ್ನೂ ತನ್ನಿರಿ.