ಹಿಮದ ಸೂರಿನ ಮೇಲೆ ಬಿಸಿಲಿನ ಲೆಕ್ಕ

ಕೆನಡಾದ ಎಡ್ಮಂಟನ್ ನಗರದಲ್ಲಿ ನೆಲೆಸಿರುವ ನನಗೆ ಊರಿನ ಬಂಧುಗಳಿಂದ ಪದೇ ಪದೇ ಎದುರಾಗುವ ಪ್ರಶ್ನೆಯೊಂದಿದೆ: ವರ್ಷದಲ್ಲಿ ಹಲವು ತಿಂಗಳು ಹಿಮ ಹೊದ್ದು ಮಲಗುವ ನಾಡಿನಲ್ಲಿ ಮನೆಯ ಛಾವಣಿಗೆ ಸೌರಫಲಕ ಹಾಕಿಸುವುದರಲ್ಲಿ ಏನರ್ಥವಿದೆ? ಇಲ್ಲಿನ ನೆರೆಹೊರೆಯವರಲ್ಲಿಯೂ ಅನೇಕರಿಗೆ ಇದೇ ಸಂದೇಹ. ಅದೇ ವೇಳೆಗೆ, ‘ಇನ್ನು ಮುಂದೆ ನಿಮಗೆ ಕರೆಂಟು ಬಿಲ್ಲಿನ ಚಿಂತೆಯೇ ಇಲ್ಲ’ ಎಂದು ಫಲಕ ಮಾರುವವರು ಮನೆಬಾಗಿಲಿಗೆ ಬಂದು ಹೇಳುತ್ತಾರೆ. ಆ ಸಂದೇಹವೂ ಈ ಭರವಸೆಯೂ ಅರ್ಧಸತ್ಯಗಳೇ. ಪೂರ್ಣಸತ್ಯ ತಿಳಿಯಬೇಕಾದರೆ ಲೆಕ್ಕ ಹಾಕಬೇಕು.

ಮೊದಲಿಗೆ ಚಳಿಯ ಮಾತು. ಸೌರಫಲಕಕ್ಕೆ ಬೇಕಾದುದು ಬೆಳಕೇ ಹೊರತು ಶಾಖವಲ್ಲ. ಸಿಲಿಕಾನ್ ಫಲಕದ ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಅದರ ಸಾಮರ್ಥ್ಯ ಶೇ 0.3ರಿಂದ 0.5ರಷ್ಟು ಕುಗ್ಗುತ್ತದೆ, ತಣ್ಣಗಾದಷ್ಟೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ 60 ಡಿಗ್ರಿಗೆ ಕಾದ ಫಲಕ ತನ್ನ ಶಕ್ತಿಯ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಕಳೆದುಕೊಂಡರೆ, ಎಡ್ಮಂಟನ್‌ನ ಮಾರ್ಚ್ ತಿಂಗಳ ನಿರ್ಮಲ ಮಧ್ಯಾಹ್ನದಲ್ಲಿ ಫಲಕ ಉಲ್ಲಾಸದಿಂದ ದುಡಿಯುತ್ತದೆ. ಸುತ್ತಲಿನ ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಪ್ರತಿಫಲಿಸಿ ಈ ದುಡಿಮೆಗೆ ಒತ್ತಾಸೆಯಾಗುತ್ತದೆ.

ಹಾಗಾದರೆ ಫಲಕದ ಮೇಲೆಯೇ ಕೂರುವ ಹಿಮ? ಇದನ್ನು ಎಡ್ಮಂಟನ್‌ನ ತಾಂತ್ರಿಕ ವಿದ್ಯಾಸಂಸ್ಥೆಯಾದ ‘ನೇಟ್’ 2012ರಿಂದ ಐದು ವರ್ಷಗಳ ಕಾಲ ಅಳೆದು ನೋಡಿತು. 14 ಡಿಗ್ರಿಯಿಂದ 90 ಡಿಗ್ರಿಯವರೆಗೆ ಬೇರೆ ಬೇರೆ ಓರೆಯಲ್ಲಿ ಜೋಡಿ ಫಲಕಗಳನ್ನು ನಿಲ್ಲಿಸಿ, ಒಂದರ ಹಿಮವನ್ನು ತೆಗೆಯುತ್ತಾ, ಇನ್ನೊಂದರದನ್ನು ಹಾಗೆಯೇ ಬಿಟ್ಟಿತು. ಹಿಮದಿಂದಾದ ವಾರ್ಷಿಕ ನಷ್ಟ, ಓರೆಯನ್ನು ಅನುಸರಿಸಿ, ಶೇ 1ರಿಂದ 5ರ ಆಸುಪಾಸಿನಲ್ಲಿತ್ತು, ಅಷ್ಟೇ. ಹಿಮ ಬೀಳುವ ತಿಂಗಳುಗಳಲ್ಲಿ ಹೇಗೂ ಬಿಸಿಲು ಕಡಿಮೆ. ಇರುವುದೇ ಅಲ್ಪ, ಕಳೆಯುವುದೂ ಅಲ್ಪ. ಅಂದಮೇಲೆ ಹೆಪ್ಪುಗಟ್ಟಿದ ಛಾವಣಿಗೆ ಏಣಿ ಹಾಕಿ ಸೊಂಟ ಮುರಿದುಕೊಳ್ಳುವ ಸಾಹಸ ಅನಗತ್ಯ.

ನಿಜವಾದ ತೊಡಕು ಚಳಿಯೂ ಅಲ್ಲ, ಹಿಮವೂ ಅಲ್ಲ, ಅಕ್ಷಾಂಶ. 53.5 ಡಿಗ್ರಿ ಉತ್ತರದಲ್ಲಿರುವ ಈ ನಗರದಲ್ಲಿ ಜೂನ್ ತಿಂಗಳ ಹಗಲು 17 ಗಂಟೆ, ಡಿಸೆಂಬರಿನದು ಕೇವಲ ಏಳೂವರೆ ಗಂಟೆ. ಡಿಸೆಂಬರಿನ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೇರುತ್ತಾನೆ. ಪಕ್ಕದ ಮನೆಯ ಛಾವಣಿ, ಬೀದಿಯ ಒಂದು ಮರ ಅವನನ್ನು ಮರೆಮಾಡಲು ಸಾಕು.

ಪರಿಣಾಮವೇನು? ದಕ್ಷಿಣಕ್ಕೆ ಮುಖ ಮಾಡಿದ, ನೆರಳಿಲ್ಲದ ಛಾವಣಿಯಲ್ಲಿ ಒಂದು ಕಿಲೋವಾಟ್ ಫಲಕ ಇಲ್ಲಿ ವರ್ಷಕ್ಕೆ ಸುಮಾರು 1,100ರಿಂದ 1,200 ಯೂನಿಟ್ ನೀಡೀತು. ಬೆಂಗಳೂರಿನಲ್ಲಿ ಇದು 1,400ರಷ್ಟು. ಅಂತರ ಊಹಿಸಿದಷ್ಟು ದೊಡ್ಡದಲ್ಲ. ಆಲ್ಬರ್ಟಾ ಪ್ರಾಂತ್ಯದ ಸಾಧಾರಣ ಮನೆಯೊಂದು ತಿಂಗಳಿಗೆ ಸುಮಾರು 600 ಯೂನಿಟ್ ಬಳಸುತ್ತದೆ. ಆರು ಕಿಲೋವಾಟ್‌ನ ವ್ಯವಸ್ಥೆ ವರ್ಷದ ಲೆಕ್ಕದಲ್ಲಿ ಅದನ್ನು ಬಹುಮಟ್ಟಿಗೆ ಸರಿದೂಗಿಸುತ್ತದೆ. ಆದರೆ ತಿಂಗಳ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ. ಜೂನ್, ಜುಲೈನಲ್ಲಿ ಕಿಲೋವಾಟ್‌ಗೆ 130 ಯೂನಿಟ್ ಮೀರಬಹುದಾದ ಉತ್ಪಾದನೆ ಡಿಸೆಂಬರಿನಲ್ಲಿ ಅದರ ಕಾಲುಭಾಗಕ್ಕಿಳಿಯುತ್ತದೆ. ಚಳಿಗಾಲದಲ್ಲಿ ಕಾಸಿನ ಗಳಿಕೆಯಿಲ್ಲ, ಖರ್ಚು ಮಾತ್ರ ಬೆಟ್ಟದಷ್ಟು.

ನನ್ನ ಹುಟ್ಟೂರಾದ ಮಲೆನಾಡಿನಲ್ಲಿ ಮಳೆಗಾಲಕ್ಕೆ ಮೊದಲೇ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಒಣಗಿಸಿ ಕೂಡಿಡುತ್ತಿದ್ದರು. ಇಲ್ಲಿ ಆ ಕೊಟ್ಟಿಗೆಯ ಕೆಲಸವನ್ನು ವಿದ್ಯುತ್ ಜಾಲ ಮಾಡುತ್ತದೆ. ಪ್ರಾಂತ್ಯದ ಸರ್ಕಾರ 2008ರಲ್ಲಿ ತಂದ ಕಿರು ಉತ್ಪಾದನಾ ನಿಯಮಾವಳಿಯಂತೆ, ಬೇಸಿಗೆಯಲ್ಲಿ ಜಾಲಕ್ಕೆ ಹರಿಸಿದ ವಿದ್ಯುತ್ತಿನ ಹಣ ಬಿಲ್ಲಿನಲ್ಲಿ ಜಮೆಯಾಗುತ್ತದೆ. ಚಳಿಗಾಲದಲ್ಲಿ ಅದನ್ನು ಮುರಿದುಕೊಳ್ಳಬೇಕು. ಆದರೂ ಜಾಲಕ್ಕೆ ತೆರಬೇಕಾದ ನಿಗದಿತ ಶುಲ್ಕಗಳು ಉಳಿದೇ ಉಳಿಯುತ್ತವೆ. ‘ಬಿಲ್ಲೇ ಇಲ್ಲ’ ಎಂಬ ಮಾತು ಇಲ್ಲಿ ಮುಗ್ಗರಿಸುತ್ತದೆ.

ಜಮೆಯಾಗುವುದು ಹಣ, ವಿದ್ಯುತ್ತಲ್ಲ ಎಂಬುದನ್ನೂ ಮರೆಯಬಾರದು. 2024ರ ಜನವರಿ 13ರಂದು ಆಲ್ಬರ್ಟಾ ಇದನ್ನು ಕಣ್ಣಾರೆ ಕಂಡಿತು. ಉಷ್ಣಾಂಶ ಮೈನಸ್ 40ರ ಆಸುಪಾಸಿಗೆ ಕುಸಿದಿದ್ದ ಆ ಸಂಜೆ ಏಳರ ಹೊತ್ತಿಗೆ ಪ್ರಾಂತ್ಯದ ಎಲ್ಲರ ಮೊಬೈಲುಗಳಲ್ಲೂ ತುರ್ತು ಸಂದೇಶ ಮೊಳಗಿತು: ಅಗತ್ಯವಿಲ್ಲದ ದೀಪ, ಉಪಕರಣಗಳನ್ನು ಆರಿಸಿ. ಜನ ಸ್ಪಂದಿಸಿದರು, ಕೆಲವೇ ನಿಮಿಷಗಳಲ್ಲಿ ಬೇಡಿಕೆ 150 ಮೆಗಾವಾಟ್ ಇಳಿಯಿತು, ಕತ್ತಲು ತಪ್ಪಿತು. ಆದರೆ ಆ ಗಳಿಗೆಯಲ್ಲಿ ಇಲ್ಲಿನ ಸಾವಿರಾರು ಛಾವಣಿಗಳ, ನನ್ನದನ್ನೂ ಸೇರಿಸಿ, ಕೊಡುಗೆ ಸೊನ್ನೆ. ಸೂರ್ಯ ಮುಳುಗಿ ಎರಡು ಗಂಟೆಯಾಗಿತ್ತು.

ಇದನ್ನೇ ಹಿಡಿದುಕೊಂಡು ಸೌರಶಕ್ತಿಯನ್ನು ಹೀಗಳೆಯುವುದು ಸುಲಭ. ನನ್ನ ದೃಷ್ಟಿಯಲ್ಲಿ ಅದು ಅವಿವೇಕ. ಬೇಸಿಗೆಯ ಪ್ರತಿ ಯೂನಿಟ್ಟೂ ಅಷ್ಟರಮಟ್ಟಿಗೆ ಅನಿಲ ಉರಿಸುವುದನ್ನು ತಪ್ಪಿಸುತ್ತದೆ. ಕಲ್ಲಿದ್ದಲನ್ನು 2024ರಲ್ಲಿ ಪೂರ್ಣವಾಗಿ ಕೈಬಿಟ್ಟ ಈ ಪ್ರಾಂತ್ಯ ಬಹುಪಾಲು ಅವಲಂಬಿಸಿರುವುದು ಅನಿಲವನ್ನೇ. ಆದರೆ ಛಾವಣಿಯ ಫಲಕ ಚಳಿಗಾಲದ ಇರುಳನ್ನು ಕಾಯಲಾರದು. ಅದಕ್ಕೆ ನೆರೆಪ್ರಾಂತ್ಯಗಳ ಜಲವಿದ್ಯುತ್ತಿನ ನಂಟು, ವಿದ್ಯುತ್ ಸಂಗ್ರಹ, ಶಾಖ ಸೋರದ ಗೋಡೆ, ಕಿಟಕಿಗಳು ಬೇಕು. ಸರ್ಕಾರದ ನೆರವು ಫಲಕಗಳಿಗಷ್ಟೇ ಸೀಮಿತವಾದರೆ ಅರ್ಧ ಕೆಲಸವಷ್ಟೇ ಆದಂತೆ.

ಆದ್ದರಿಂದ ಫಲಕ ಹಾಕಿಸಬಯಸುವವರು ಮಾರಾಟಗಾರನಿಂದ ವರ್ಷದ ಒಟ್ಟು ಅಂಕಿಯನ್ನಷ್ಟೇ ಪಡೆದು ತೃಪ್ತರಾಗದೆ ಹನ್ನೆರಡು ತಿಂಗಳ ಹನ್ನೆರಡು ಅಂಕಿಗಳನ್ನೂ ಕೇಳಬೇಕು. ಡಿಸೆಂಬರಿನ ಅಂಕಿಯನ್ನು ಮುಚ್ಚಿಡದೆ ಹೇಳುವವನನ್ನು ನಂಬಬಹುದು.