ಗಿರಾಕಿ ಒಬ್ಬನೇ, ಅಂಗಡಿಯೂ ಅವನದೇ

2025ರ ಫೆಬ್ರುವರಿ. ಯಲಹಂಕದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಬೆಂಗಳೂರಿನ ಸರ್ಕಾರಿ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್ ಅಧಿಕಾರಿಗಳೆದುರೇ ತಮಗೆ ಈ ಕಂಪನಿಯ ಮೇಲೆ ಭರವಸೆ ಉಳಿದಿಲ್ಲ ಎಂದುಬಿಟ್ಟರು. ಮಾತು ಕ್ಯಾಮೆರಾಗೆ ಸಿಕ್ಕಿಬಿತ್ತು. ಸಿಟ್ಟಿಗೆ ಕಾರಣವಿತ್ತು: 2021ರಲ್ಲಿ ಆರ್ಡರ್ ಕೊಟ್ಟ 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಲ್ಲಿ ಮೊದಲನೆಯದು 2024ರ ಮಾರ್ಚ್‌ಗೇ ಬರಬೇಕಿತ್ತು, ಒಂದೂ ಬಂದಿರಲಿಲ್ಲ. ಇಷ್ಟಾದರೂ ಸೆಪ್ಟೆಂಬರ್‌ನಲ್ಲಿ ರಕ್ಷಣಾ ಸಚಿವಾಲಯ ಅದೇ ಎಚ್‌ಎಎಲ್‌ಗೆ ಇನ್ನೂ 97 ವಿಮಾನಗಳ, 62,370 ಕೋಟಿ ರೂಪಾಯಿಯ ಆರ್ಡರ್ ಕೊಟ್ಟಿತು. ಬೇರೆ ಅಂಗಡಿ ಎಲ್ಲಿದೆ?

ಹುಟ್ಟಿದಾಗ ಎಚ್‌ಎಎಲ್ ಸರ್ಕಾರದ ಅಂಗಡಿಯಾಗಿರಲಿಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಕಂಪನಿ. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆನ್ನಿಗೆ ನಿಂತರು. ಎರಡನೇ ಮಹಾಯುದ್ಧ ಬಿಸಿಯೇರಿತು, 1942ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ವಾಲ್‌ಚಂದ್ ಅವರ ಪಾಲನ್ನು ಕೊಂಡುಕೊಂಡಿತು. ಅಲ್ಲಿಂದ ಕೊಳ್ಳುವವನೂ ಮಾರುವವನೂ ಒಂದೇ ಮನೆಯವರು. ಹೀಗಿರುವಾಗ ದಂಡ ಹಾಕಿದರೂ ಹಣ ಒಂದು ಜೇಬಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಅಷ್ಟೆ.

ಆದರೆ ತೇಜಸ್ ವಿಳಂಬಕ್ಕೆ ಬರೀ ಈ ಮನೆಯವರನ್ನೇ ಬೈದರೆ ಅರ್ಧ ಕಥೆ. ರೇಡಾರ್, ಕ್ಷಿಪಣಿಗಳನ್ನು ಹೊಂದಿಸುವ ಕೆಲಸ ಬಾಕಿ ಇದ್ದದ್ದು ನಿಜ. ಅದಕ್ಕಿಂತ ದೊಡ್ಡ ತೊಡಕು ಎಂಜಿನ್. ಅಮೆರಿಕದ ಜಿಇಗೆ 2021ರಲ್ಲಿ 99 ಎಂಜಿನ್ ಕೇಳಿದ್ದರೆ, ಮೊದಲನೆಯದು ಕೈಸೇರಿದ್ದು 2025ರ ಮಾರ್ಚ್‌ನಲ್ಲಿ.

ಎಂಜಿನ್‌ಗಾಗಿ ಪರದಾಡುವುದು ಬೆಂಗಳೂರಿಗೆ ಹೊಸ ಅನುಭವವಲ್ಲ. ಜರ್ಮನಿಯ ಕುರ್ಟ್ ಟ್ಯಾಂಕ್ ಇಲ್ಲಿಯೇ ಕೂತು ರೂಪಿಸಿದ ಮಾರುತ್ ಯುದ್ಧವಿಮಾನ 1961ರ ಜೂನ್‌ನಲ್ಲಿ ಹಾರಿತು. ಶಬ್ದದ ಎರಡು ಪಟ್ಟು ವೇಗದ ಕನಸು ಅದು. ಬೇಕಾಗಿದ್ದ ಆರ್ಫಿಯಸ್-12 ಎಂಜಿನ್ ಬೆಳೆಸಲು ಬ್ರಿಟಿಷರು ಹಣ ಕೇಳಿದರು, ದೆಹಲಿ ಕೊಡಲಿಲ್ಲ. ಕೊನೆಗೆ ದುರ್ಬಲ ಎಂಜಿನ್ನನ್ನೇ ಕೂರಿಸಿದರು. ಅದಕ್ಕೆ ಆಫ್ಟರ್‌ಬರ್ನರ್ ಜೋಡಿಸಿ ಬಲ ತುಂಬುವ ಪ್ರಯತ್ನದಲ್ಲಿ, 1970ರ ಜನವರಿ 10ರಂದು, ಮಾರುತ್‌ನ ಮೊದಲ ಹಾರಾಟ ನಡೆಸಿದ್ದ ಸುರಂಜನ್ ದಾಸ್ ಅವರೇ ಅಪಘಾತದಲ್ಲಿ ತೀರಿಕೊಂಡರು. ದೆಹಲಿ ಅಂದು ಉಳಿಸಿದ ಹಣ ಎಷ್ಟು ದುಬಾರಿಯಾಯಿತೆಂದು ಲೆಕ್ಕಪತ್ರದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಸ್ವಂತ ಎಂಜಿನ್‌ಗಾಗಿ ಬೆಂಗಳೂರಿನ ಜಿಟಿಆರ್‌ಇ 1980ರ ದಶಕದಲ್ಲಿ ಕೈಹಾಕಿದ ‘ಕಾವೇರಿ’ಯನ್ನು 2008ರಲ್ಲಿ ತೇಜಸ್‌ನಿಂದ ಬೇರ್ಪಡಿಸಲಾಯಿತು, ಬೇಕಾದಷ್ಟು ಬಲ ಬರಲಿಲ್ಲ. ಹೊಸ 97 ವಿಮಾನಗಳಿಗಾಗಿ 2025ರ ನವೆಂಬರ್‌ನಲ್ಲಿ ಎಚ್‌ಎಎಲ್ ಮತ್ತೆ ಜಿಇ ಜೊತೆಗೇ ಸಹಿ ಹಾಕಿದೆ, ಈ ಸಲ 113 ಎಂಜಿನ್‌ಗಳಿಗೆ.